ಸುರಂಗದೊಳಗೆ ಕಾರಿನ ಮ್ಯಾಪ್ ಹೇಗೆ ನಡೆಯುತ್ತದೆ, ಒಳಗೆ ಹೋಗುವ ಮುಂಚೆ ನೀವೇನು ಮಾಡಬೇಕು

ಕಲಬುರಗಿಯಿಂದ ಕಾರು ತೆಗೆದುಕೊಂಡು ಮುಂಬೈಗೆ ಹೊರಟವರಿಗೆ ಪುಣೆ ದಾಟುವವರೆಗೆ ಜಿಪಿಎಸ್ ಅನ್ನುವುದೊಂದು ಇದೆ ಅಂತ ನೆನಪೇ ಆಗುವುದಿಲ್ಲ. ನಮ್ಮದು ಬಯಲು ಸೀಮೆ. ಆಳಂದ ರಸ್ತೆಯಾಗಲಿ, ಹುಮನಾಬಾದ್‌ನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ 65 ಆಗಲಿ, ತಲೆ ಮೇಲೆ ಇಡೀ ಆಕಾಶ ತೆರೆದೇ ಇರುತ್ತದೆ, ಫೋನಿಗೆ ಉಪಗ್ರಹ ಹುಡುಕುವ ಕಷ್ಟವೇ ಇಲ್ಲ. ಪುಣೆ ದಾಟಿ ಎಕ್ಸ್‌ಪ್ರೆಸ್‌ವೇ ಹತ್ತಿ ಕಾಮಶೇತ್ ಸುರಂಗಕ್ಕೆ ನುಗ್ಗಿದಾಗ ಶುರು. ಬಾಣ ಇದ್ದಲ್ಲೇ ನಿಲ್ಲುತ್ತದೆ, ಇಲ್ಲಾ ಬೆಟ್ಟ ಹತ್ತುತ್ತದೆ. ಹಿಂದೆ ಕೂತ ಕಾಕಾ "ಯಪ್ಪಾ, ಗಾಡಿ ಹೊಂಟದ, ಫೋನ್‌ದಾಗ ನಿಂತದಲ್ಲೋ!" ಅಂತ ಎದ್ದು ಕೂರುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ. ಸುರಂಗದೊಳಗೆ ಮ್ಯಾಪ್‌ಗೆ ನೀವು ಎಲ್ಲಿದ್ದೀರಿ ಅಂತ ಗೊತ್ತಿರುವುದಿಲ್ಲ, ಅಂದಾಜು ಮಾಡುತ್ತಿರುತ್ತದೆ. ಆ ಅಂದಾಜು ಎಷ್ಟು ಸರಿ ಇರುತ್ತದೆ ಅನ್ನುವುದು ಒಂದೇ ವಿಷಯದ ಮೇಲೆ ನಿಂತಿದೆ: ವೇಗದ ಲೆಕ್ಕ ಅದಕ್ಕೆ ಎಲ್ಲಿಂದ ಸಿಗುತ್ತಿದೆ? ಕಾರಿನ ಚಕ್ರದಿಂದ ಸಿಕ್ಕರೆ ಚೆನ್ನಾಗಿರುತ್ತದೆ. ಫೋನಿನ ಒಳಗಿನ ಸೆನ್ಸರ್‌ನಿಂದ ಸಿಕ್ಕರೆ ಪರವಾಗಿಲ್ಲ. ಏನೂ ಸಿಗದೆ ಕೊನೆಗೆ ನೋಡಿದ ವೇಗವನ್ನೇ ಹಿಡಿದುಕೊಂಡು ಓಡುತ್ತಿದ್ದರೆ ಅದನ್ನು ನಂಬಬೇಡಿ. ಹಾಗಾಗಿ ಮಾಡುವ ಕೆಲಸವನ್ನೆಲ್ಲ ಸುರಂಗದ ಬಾಯಿಗೆ ಬರುವ ಮುಂಚೆಯೇ ಮಾಡಿ ಮುಗಿಸಬೇಕು.

ಒಳಗೆ ಸಿಗ್ನಲ್ ಯಾಕೆ ಸಿಗಲ್ಲ

ಜಿಪಿಎಸ್ ಉಪಗ್ರಹಗಳು ನಮ್ಮ ಮೇಲೆ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಅಲ್ಲಿಂದ ಹೊರಟ ಸಿಗ್ನಲ್ ಫೋನ್ ಮುಟ್ಟುವ ಹೊತ್ತಿಗೆ ಎಷ್ಟು ಸಣ್ಣದಾಗಿರುತ್ತದೆ ಗೊತ್ತಾ? ಒಂದು ವ್ಯಾಟನ್ನು ನೂರು ಕೋಟಿ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು ಎತ್ತಿಕೊಂಡಷ್ಟು. ಬಯಲಲ್ಲೇ ಇಷ್ಟು. ಇನ್ನು ಮೇಲೆ ನೂರಾರು ಅಡಿ ಬಂಡೆ, ಕಾಂಕ್ರೀಟ್, ಕಬ್ಬಿಣದ ಸರಳು ಬಂದರೆ ಉಳಿಯುವುದು ಏನೂ ಇಲ್ಲ. ಇದು ಅಮೆರಿಕದ ಜಿಪಿಎಸ್‌ನ ಕತೆ ಮಾತ್ರ ಅಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದು, ನಮ್ಮ ಇಸ್ರೋದ ನಾವಿಕ್ ಎಲ್ಲದಕ್ಕೂ ಇದೇ ಗತಿ. "ನನ್ನ ಫೋನಲ್ಲಿ ನಾವಿಕ್ ಇದೆ, ಸುರಂಗದಲ್ಲೂ ನಡೆಯುತ್ತದೆ" ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ನೆ ಆಗಿ.

ಫೋನ್ ತನ್ನ ಜಾಗ ಕಂಡುಹಿಡಿಯಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮೂರು ಜಾಗಕ್ಕೆ, ಇನ್ನೊಂದು ಫೋನಿನ ಗಡಿಯಾರದ ತಪ್ಪು ಸರಿ ಮಾಡಲು. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರ್ ಎಡವಟ್ಟು. ಸುರಂಗದ ಬಾಯಲ್ಲಿ ಆಗುವುದು ಇದೇ. ಮುಂದಿನ ಗಾಜಿನಿಂದ ಒಂದೋ ಎರಡೋ ಉಪಗ್ರಹ ಕಾಣಿಸುತ್ತವೆ, ಉಳಿದವು ಮಾಯ. ಕಂಡವುಗಳ ಸಿಗ್ನಲ್ಲೂ ಗೋಡೆಗೆ ಬಡಿದು ಸುತ್ತಿ ಬಂದಿರುತ್ತದೆ, ಅಂದರೆ ದೂರ ಜಾಸ್ತಿ ತೋರಿಸುತ್ತದೆ. ಅದಕ್ಕೇ ಬಾಣ ಸರಿಯಾಗಿ ಒಳಗೆ ಹೋಗುವ ಗಳಿಗೆಯಲ್ಲೇ ಪಕ್ಕಕ್ಕೆ ಹಾರುವುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನಕ್ಕಿದೆ, ಅದನ್ನು ಬಿಡಿಸಿಬಿಡೋಣ. ನೆಟ್‌ವರ್ಕ್ ಬೇರೆ, ಜಿಪಿಎಸ್ ಬೇರೆ. ಹೊಸ ದೊಡ್ಡ ಸುರಂಗಗಳಲ್ಲಿ ಗೋಡೆಯುದ್ದಕ್ಕೂ ಕೇಬಲ್ ಎಳೆದು ಮೊಬೈಲ್ ಸಿಗ್ನಲ್ ಕೊಟ್ಟಿರುವುದುಂಟು. ಅಲ್ಲಿ ಫೋನ್ ಮಾತಾಡಬಹುದು, ಹಾಡು ಕೇಳಬಹುದು, ಆದರೂ ಬಾಣ ನಿಂತೇ ಇರುತ್ತದೆ. ಇದರ ಉಲ್ಟಾ ಕೂಡ ನಿಜ. ಚಿಂಚೋಳಿ ಕಾಡಿನ ಕಡೆ ಟವರ್ ಸಿಗದ ಜಾಗದಲ್ಲಿ ಜಿಪಿಎಸ್ ಚೆನ್ನಾಗಿಯೇ ನಡೆಯುತ್ತದೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಆಗಿದ್ದರೆ ಸಾಕು. ಫೋನ್ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ನೆಟ್ ಬೇಕಾಗುವುದು ಮುಂದೆ ಟ್ರಾಫಿಕ್ ಎಷ್ಟಿದೆ ಅಂತ ನೋಡಲು, ದಾರಿ ಹೊಸದಾಗಿ ಹುಡುಕಲು.

ಹಾಗಾದರೆ ಕೆಲವು ಕಾರುಗಳಲ್ಲಿ ಬಾಣ ಹೇಗೆ ಓಡುತ್ತದೆ

ಇದಕ್ಕೆ ಡೆಡ್ ರೆಕನಿಂಗ್ ಅನ್ನುತ್ತಾರೆ. ಕೊನೆಗೆ ಗೊತ್ತಿದ್ದ ಜಾಗ, ಅಲ್ಲಿಂದ ಎಷ್ಟು ದೂರ ಬಂದೆವು, ಯಾವ ಕಡೆ ತಿರುಗಿದೆವು, ಇಷ್ಟರ ಮೇಲೆ ಈಗ ಎಲ್ಲಿದ್ದೇವೆ ಅಂತ ಲೆಕ್ಕ ಹಾಕುವುದು. ಹಡಗಿನವರು ಶತಮಾನಗಳಿಂದ ಮಾಡಿಕೊಂಡು ಬಂದದ್ದು. ಕಾರಿಗೆ ಇದು ಬಂದದ್ದು ಜಿಪಿಎಸ್‌ಗಿಂತ ಮುಂಚೆಯೇ! 1981ರಲ್ಲಿ ಹೋಂಡಾ ಕಂಪನಿ ಜಪಾನಿನಲ್ಲಿ ಎಲೆಕ್ಟ್ರೋ ಗೈರೋಕೇಟರ್ ಅಂತ ಒಂದು ಯಂತ್ರ ತಂದಿತ್ತು. ಉಪಗ್ರಹದ ಹಂಗೇ ಇಲ್ಲ. ಕಾರು ತಿರುಗಿದ್ದನ್ನು ಗೈರೋ ಹೇಳುತ್ತಿತ್ತು, ಓಡಿದ ದೂರವನ್ನು ಕಾರೇ ಹೇಳುತ್ತಿತ್ತು, ಜಾಗ ಮಾತ್ರ ಪರದೆಯ ನಕ್ಷೆ ಮೇಲೆ ಕಾಣುತ್ತಿತ್ತು. ಇವತ್ತು ಸುರಂಗದೊಳಗೆ ನಿಮ್ಮ ಕಾರು ಮಾಡುವುದೂ ಹೆಚ್ಚು ಕಡಿಮೆ ಅದನ್ನೇ.

ದೂರದ ಲೆಕ್ಕ ಬರುವುದು ಚಕ್ರದಿಂದ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯ. ಎಬಿಎಸ್ ಇದ್ದ ಮೇಲೆ ಚಕ್ರ ಎಷ್ಟು ತಿರುಗಿತು ಅಂತ ಅಳೆಯುವ ಸೆನ್ಸರ್ ಇದ್ದೇ ಇರುತ್ತದೆ. ಬ್ರೇಕಿಗೆ ಅಂತ ಇಟ್ಟ ಸೆನ್ಸರನ್ನೇ ಕಾರಿನ ಸ್ವಂತ ನ್ಯಾವಿಗೇಶನ್ ಬಳಸಿಕೊಳ್ಳುತ್ತದೆ. ಇದು ಬಹಳ ನಂಬಿಕಸ್ಥ ಲೆಕ್ಕ, ಆದರೂ ಟೈರ್ ಸವೆದಷ್ಟು ತಪ್ಪು ಸೇರುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ಚಕ್ರದ ಅರ್ಧ ವ್ಯಾಸ 300 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಹೊಸ ಟೈರಿನ ಪಟ್ಟಿ 8 ಮಿಲಿಮೀಟರ್ ಇದ್ದದ್ದು ಸವೆದು 2ಕ್ಕೆ ಬಂದಿದೆ. ಅಂದರೆ 300ರಲ್ಲಿ 6 ಹೋಯಿತು, ನೂರಕ್ಕೆ ಎರಡು. ಮನಾಲಿ ಹತ್ತಿರದ ಅಟಲ್ ಸುರಂಗದ ಉದ್ದ 9.02 ಕಿಲೋಮೀಟರ್. ಅಲ್ಲಿ ಈ ನೂರಕ್ಕೆ ಎರಡರ ತಪ್ಪು ಆ ಕಡೆ ಬಾಯಿಗೆ ಬರುವಷ್ಟರಲ್ಲಿ ಸುಮಾರು 180 ಮೀಟರ್ ಆಗುತ್ತದೆ. ಒಳ್ಳೆ ಸಿಸ್ಟಂಗಳು ಬಯಲಲ್ಲಿ ಓಡುವಾಗ ಜಿಪಿಎಸ್ ಜೊತೆ ತಾಳೆ ನೋಡಿ ಈ ಟೈರ್ ಲೆಕ್ಕವನ್ನು ತಾವೇ ಸರಿ ಮಾಡಿಕೊಳ್ಳುತ್ತಿರುತ್ತವೆ. ಅದಕ್ಕೇ ಹೊಸ ಟೈರ್ ಹಾಕಿಸಿದ ತಕ್ಷಣ ಸುರಂಗಕ್ಕೆ ಹೋದರೆ ಸ್ವಲ್ಪ ಏರುಪೇರು ಕಾಣಬಹುದು, ಸ್ವಲ್ಪ ದೂರ ಬಯಲಲ್ಲಿ ಓಡಿಸಿದರೆ ಸರಿ ಹೋಗುತ್ತದೆ.

ತಿರುವಿನ ಲೆಕ್ಕ ಗೈರೋದ್ದು. ಇಲ್ಲಿ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ 17 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ, ಲೆಕ್ಕದಲ್ಲಿ. ಆದರೆ ಇದಕ್ಕೆ ಮದ್ದು ಸುಲಭ. ಸುರಂಗದಲ್ಲಿ ರಸ್ತೆ ಒಂದೇ, ಕಾರು ಗೋಡೆಯೊಳಗೆ ಹೋಗಿರಲು ಸಾಧ್ಯವಿಲ್ಲ ಅಂತ ಮ್ಯಾಪ್‌ಗೆ ಗೊತ್ತು. ಹಾಗಾಗಿ ಬಾಣವನ್ನು ಎಳೆದು ರಸ್ತೆ ಮೇಲೆ ಕೂರಿಸುತ್ತದೆ. ಪಕ್ಕದ ತಪ್ಪು ಹೋಯಿತು, ಹಿಂದೆ ಮುಂದಿನ ತಪ್ಪು ಮಾತ್ರ ಉಳಿಯಿತು. ಇನ್ನೊಂದು ಚಂದದ ವಿಷಯ ಇದೆ. ಸುರಂಗದಲ್ಲಿ ಒಂದು ತಿರುವು ಇದ್ದರೆ, ಕಾರು ಯಾವ ಗಳಿಗೆಯಲ್ಲಿ ತಿರುಗಿತು ಅಂತ ಗೈರೋ ಹೇಳುತ್ತದೆ, ಆ ತಿರುವು ನಕ್ಷೆಯಲ್ಲಿ ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತದೆ. ಎರಡನ್ನೂ ಹೊಂದಿಸಿದರೆ ಹಿಂದೆ ಮುಂದಿನ ತಪ್ಪೂ ಅಷ್ಟರ ಮಟ್ಟಿಗೆ ಸರಿಯಾಗುತ್ತದೆ. ಅಂದರೆ ಸೊಟ್ಟ ಸುರಂಗ ಮ್ಯಾಪ್‌ಗೆ ಒಳ್ಳೆಯದು, ಸೀದಾ ಉದ್ದ ಸುರಂಗ ಕಷ್ಟದ್ದು. ಡ್ರೈವರ್‌ಗೆ ಪೂರ್ತಿ ಉಲ್ಟಾ, ಅಲ್ವಾ?

ಫೋನ್ ಮಾತ್ರ ಇದ್ದರೆ ಕತೆ ಬೇರೆ. ಫೋನಿಗೆ ಚಕ್ರ ಇಲ್ಲ. ವೇಗ ಹೆಚ್ಚಿತಾ ಕಡಿಮೆಯಾಯಿತಾ ಅಂತ ಹೇಳುವ ಅಕ್ಸೆಲೆರೋಮೀಟರ್ ಇದೆ. ಅದರ ಲೆಕ್ಕದಿಂದ ವೇಗ, ವೇಗದಿಂದ ದೂರ, ಹೀಗೆ ಎರಡು ಸಲ ಕೂಡಿಸಬೇಕು. ಸಣ್ಣ ತಪ್ಪೂ ಎರಡು ಸಲ ಕೂಡಿ ದೊಡ್ಡದಾಗುತ್ತದೆ. ಸೆನ್ಸರ್ ಸೆಕೆಂಡಿಗೆ ಸೆಕೆಂಡಿಗೆ ಬರೀ 0.05 ಮೀಟರ್ ತಪ್ಪು ತೋರಿಸಿದರೆ ಒಂದು ನಿಮಿಷದಲ್ಲಿ 90 ಮೀಟರ್ ತಪ್ಪು. ಎರಡು ನಿಮಿಷಕ್ಕೆ 180 ಅಲ್ಲ, 360. ಹೀಗಾಗಿ ಫೋನಿನ ಮ್ಯಾಪ್ ಬಹಳ ಸಲ ಈ ತಲೆನೋವೇ ಬೇಡ ಅಂತ ಒಳಗೆ ಬಂದಾಗಿನ ವೇಗದಲ್ಲೇ ಬಾಣವನ್ನು ಓಡಿಸುತ್ತದೆ. ನೀವು 80ರಲ್ಲಿ ಒಳಗೆ ಬಂದಿರಿ, ಮುಂದೆ ಲಾರಿ ಸಾಲು, 40ಕ್ಕೆ ಇಳಿಸಿದಿರಿ. ಒಂದು ನಿಮಿಷ ಆಗುವಷ್ಟರಲ್ಲಿ ಬಾಣ ನಿಮಗಿಂತ ಸುಮಾರು 670 ಮೀಟರ್ ಮುಂದೆ ಇರುತ್ತದೆ. ನೀವಿನ್ನೂ ಕತ್ತಲಲ್ಲಿರುವಾಗ ಅದು ಹೊರಗೆ ಹೋಗಿ "ಎಡಕ್ಕೆ ತಿರುಗಿ" ಅನ್ನುತ್ತಿರುತ್ತದೆ.

ಮೂರನೇ ಉಪಾಯ ಬ್ಲೂಟೂತ್ ಬೀಕನ್. ಸುರಂಗದ ಗೋಡೆ ಮೇಲೆ ಅಲ್ಲಲ್ಲಿ ಸಣ್ಣ ಡಬ್ಬಿ ಅಂಟಿಸಿರುತ್ತಾರೆ, ಪ್ರತಿ ಡಬ್ಬಿಯೂ ತನ್ನ ಗುರುತನ್ನು ಬಿಡದೆ ಕೂಗುತ್ತಿರುತ್ತದೆ, ಅದನ್ನು ಕೇಳಿಸಿಕೊಂಡ ಫೋನಿಗೆ ತಾನೆಲ್ಲಿದ್ದೇನೆ ಅಂತ ತಿಳಿಯುತ್ತದೆ. ಬೀದರಿನ ನೌಬಾದ್ ಹತ್ತಿರದ ಕರೇಜ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಹಮನಿ ಕಾಲದ ಆ ನೆಲದಡಿ ಕಾಲುವೆಗೆ ಅಲ್ಲಲ್ಲಿ ಮೇಲಿಂದ ಬಾವಿಯ ಹಾಗೆ ಕಂಡಿ ಬಿಟ್ಟಿದ್ದಾರೆ. ಕರೇಜ್ ತೋಡುವವರು ಒಂದು ಕಂಡಿಯಿಂದ ಇನ್ನೊಂದು ಕಂಡಿಗೆ ತೋಡುತ್ತಾ ಹೋಗುತ್ತಾರೆ, ದಿಕ್ಕು ತಪ್ಪಿದರೂ ಮುಂದಿನ ಕಂಡಿಯಲ್ಲಿ ಸರಿಯಾಗುತ್ತದೆ, ತಪ್ಪು ಸೇರುತ್ತಾ ಹೋಗುವುದಿಲ್ಲ. ಬೀಕನ್ ಕೆಲಸವೂ ಅಷ್ಟೇ. ವೇಜ್ ಅನ್ನುವ ಆಪ್‌ನವರು 2016ರಲ್ಲಿ ಇದನ್ನು ತಂದರು. ಶಿಕಾಗೋದಲ್ಲಿ ರಸ್ತೆಯ ಕೆಳಗೆ ರಸ್ತೆ ಇರುವ ಲೋವರ್ ವ್ಯಾಕರ್ ಡ್ರೈವ್‌ನಲ್ಲೂ ಹಾಕಿದ್ದಾರೆ. 2024ರಿಂದ ಆಂಡ್ರಾಯ್ಡ್ ಫೋನಿನ ಗೂಗಲ್ ಮ್ಯಾಪ್ಸ್‌ಗೂ ಇದನ್ನು ಕೇಳಿಸಿಕೊಳ್ಳುವ ಶಕ್ತಿ ಬಂದಿದೆ. ಗೋಡೆ ಮೇಲೆ ಡಬ್ಬಿ ಇಲ್ಲದಿದ್ದರೆ ಮಾತ್ರ ಏನೂ ಉಪಯೋಗವಿಲ್ಲ.

ನಿಮ್ಮ ಗಾಡಿಯಲ್ಲಿ ಏನಿದೆ, ಊರಲ್ಲೇ ಪರೀಕ್ಷೆ ಮಾಡಿ

ಕಂಪನಿ ಪುಸ್ತಕ ಓದಿ ತಿಳಿಯುವುದಕ್ಕಿಂತ ಇದು ಸುಲಭ. ಯಾವುದಾದರೂ ಆಸ್ಪತ್ರೆಯದೋ ಮಾಲ್‌ದೋ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಹೋಗಿ. ಇಳಿಯುವ ಮುಂಚೆ ಕಾರಿನ ಪರದೆಯಲ್ಲಿ ಮ್ಯಾಪ್ ತೆರೆದು ಪಕ್ಕದಲ್ಲಿ ಕೂತವರ ಕೈಗೆ ಗಮನಿಸುವ ಕೆಲಸ ಕೊಡಿ. ಕೆಳಗೆ ನಿಧಾನಕ್ಕೆ ಒಂದು ಸುತ್ತು ಹಾಕಿ. ನೀವು ತಿರುಗಿದಾಗ ಬಾಣವೂ ತಿರುಗಿ, ನೀವು ನಿಂತಾಗ ಬಾಣವೂ ನಿಂತರೆ ನಿಮ್ಮ ಸಿಸ್ಟಂ ಚಕ್ರ ಮತ್ತು ಗೈರೋ ಎರಡನ್ನೂ ನೋಡುತ್ತಿದೆ. ಬಾಣ ತಿರುಗುತ್ತದೆ ಆದರೆ ದೂರ ತಪ್ಪುತ್ತದೆ ಅಂದರೆ ಗೈರೋ ಮಾತ್ರ. ಏನೂ ಅಲ್ಲಾಡದಿದ್ದರೆ ಬರೀ ಜಿಪಿಎಸ್.

ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಹಾಕಿಕೊಂಡವರು ಇದನ್ನು ಎರಡು ಸಲ ಮಾಡಿ ನೋಡಿ. ಒಮ್ಮೆ ಫೋನ್ ಕಾರಿಗೆ ಜೋಡಿಸಿ, ಇನ್ನೊಮ್ಮೆ ಜೋಡಿಸದೆ. ಅನೇಕ ಕಾರುಗಳು ತಮ್ಮ ಚಕ್ರದ ವೇಗ, ತಮ್ಮ ಆಂಟೆನಾದ ಜಿಪಿಎಸ್ ಎರಡನ್ನೂ ಫೋನಿನ ಮ್ಯಾಪ್‌ಗೆ ಕೊಡುತ್ತವೆ. ಎಲ್ಲ ಕಾರೂ ಕೊಡುವುದಿಲ್ಲ. ಹೊರಗಡೆ ಅಂಗಡಿಯಲ್ಲಿ ಹಾಕಿಸಿದ ಕಡಿಮೆ ಬೆಲೆಯ ಪರದೆಗಳಿಗೆ ಚಕ್ರದ ತಂತಿ ಜೋಡಿಸಿಯೇ ಇರುವುದಿಲ್ಲ. ಅಂಥದ್ದು ಹಾಕಿಸುವಾಗ "ಸ್ಪೀಡ್ ವೈರ್ ಕೊಡ್ತೀರಾ?" ಅಂತ ಒಂದು ಮಾತು ಕೇಳಿ. ಅಂಗಡಿಯವನು ಹಾಗೆಂದರೇನು ಅಂತ ತಿರುಗಿ ಕೇಳಿದರೆ ಉತ್ತರ ಸಿಕ್ಕ ಹಾಗೆಯೇ.

ಫೋನಿನ ಪರೀಕ್ಷೆಗೆ ನಮ್ಮಲ್ಲೇ ಒಂದು ಒಳ್ಳೆ ಜಾಗ ಇದೆ, ಬಹಳ ಜನಕ್ಕೆ ಹೊಳೆಯುವುದಿಲ್ಲ. ಕಲಬುರಗಿ–ಬೀದರ್ ರೈಲು ದಾರಿಯಲ್ಲಿ ಮರಗುತ್ತಿ ಹತ್ತಿರ ಸುರಂಗ ಇದೆ. ಆ ದಾರಿ ಪೂರ್ತಿ ಶುರುವಾಗಿದ್ದು 2017ರ ಅಕ್ಟೋಬರ್‌ನಲ್ಲಿ. ರಸ್ತೆ ಸುರಂಗ ಅಲ್ಲ ನಿಜ, ಆದರೆ ಫೋನಿಗೆ ರೈಲಾದರೇನು ಕಾರಾದರೇನು, ಬಂಡೆ ಬಂಡೆಯೇ. ಜಿಪಿಎಸ್‌ಟೆಸ್ಟ್ ಥರದ ಒಂದು ಉಚಿತ ಆಪ್ ಹಾಕಿಕೊಂಡು ಕಿಟಕಿ ಪಕ್ಕ ಕೂತುಕೊಳ್ಳಿ. ಪ್ರತಿ ಉಪಗ್ರಹದ ಎದುರು ಒಂದು ಸಂಖ್ಯೆ ಕಾಣುತ್ತದೆ. ಬಯಲಲ್ಲಿ ಒಳ್ಳೆ ಸಿಗ್ನಲ್ ಅಂದರೆ 40ರ ಆಸುಪಾಸು. ಬೋಗಿಯೊಳಗೆ ಕೂತಾಗಲೇ ಅದು ಸ್ವಲ್ಪ ಇಳಿದಿರುತ್ತದೆ, ಸುತ್ತ ಕಬ್ಬಿಣ ಅಲ್ವಾ. ಸುರಂಗದ ಬಾಯಿ ಹತ್ತಿರ ಬಂದ ಹಾಗೆ ಒಂದು ಕಡೆಯ ಉಪಗ್ರಹಗಳು ಮೊದಲು ಬೀಳುತ್ತವೆ, ಆಮೇಲೆ ಉಳಿದವು 20ರ ಕೆಳಗೆ ಜಾರಿ ಸಾಲಾಗಿ ಮಾಯವಾಗುತ್ತವೆ. ಆಗ ಮ್ಯಾಪ್ ತೆರೆದು ಬಾಣ ಏನು ಮಾಡುತ್ತಿದೆ ನೋಡಿ. ಹೊರಬಂದ ಮೇಲೆ ಸರಿಯಾದ ಜಾಗಕ್ಕೆ ಬರಲು ಎಷ್ಟು ಹೊತ್ತು ಹಿಡಿಯಿತು ಅದನ್ನೂ ನೋಡಿ. ಅದೇ ಫೋನ್ ಎಕ್ಸ್‌ಪ್ರೆಸ್‌ವೇಯಲ್ಲೂ ಹೆಚ್ಚು ಕಡಿಮೆ ಹಾಗೇ ನಡೆದುಕೊಳ್ಳುತ್ತದೆ. ಸ್ಟೇರಿಂಗ್ ಕೈಯಲ್ಲಿಲ್ಲದೆ ಆರಾಮಾಗಿ ಕೂತು ನೋಡಬಹುದು, ಅದೇ ದೊಡ್ಡ ಅನುಕೂಲ.

ಹೊರಡುವ ಮುಂಚೆ

ಮನೆಯಲ್ಲಿ ವೈಫೈ ಇರುವಾಗಲೇ ಹೋಗುವ ದಾರಿಯ ಮ್ಯಾಪ್ ಡೌನ್‌ಲೋಡ್ ಮಾಡಿ, ಹಳೆಯದಿದ್ದರೆ ಅಪ್‌ಡೇಟ್ ಮಾಡಿ. ಹೊಸ ಸುರಂಗ ಹಳೆ ಮ್ಯಾಪ್‌ನಲ್ಲಿ ಇರುವುದೇ ಇಲ್ಲ, ಆಗ ಬಾಣ ಬೆಟ್ಟದ ಹೊಟ್ಟೆಯಲ್ಲಿ ದಾರಿಯಿಲ್ಲದೆ ಅಲೆಯುತ್ತದೆ. ಕಾರಿನ ಸ್ವಂತ ಮ್ಯಾಪ್ ಇದ್ದವರಿಗೆ ಇದು ಇನ್ನೂ ಮುಖ್ಯ, ಅದನ್ನು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಮಾಡಿಸಬೇಕಾಗುತ್ತದೆ.

ಆಂಡ್ರಾಯ್ಡ್‌ನಲ್ಲಿ ಗೂಗಲ್ ಮ್ಯಾಪ್ಸ್ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ನ್ಯಾವಿಗೇಶನ್ ಒಳಗೆ ಬ್ಲೂಟೂತ್ ಟನಲ್ ಬೀಕನ್ಸ್ ಅಂತ ಒಂದು ಸ್ವಿಚ್ ಇರುತ್ತದೆ, ಆನ್ ಮಾಡಿ. ಬ್ಲೂಟೂತ್ ಕೂಡ ಆನ್ ಇರಲಿ. ಆಪ್‌ಗೆ ನಿಖರ ಲೊಕೇಶನ್ ಅನುಮತಿ ಕೊಟ್ಟಿದ್ದೀರಾ ನೋಡಿ. ಬ್ಯಾಟರಿ ಸೇವರ್ ತೆಗೆದುಬಿಡಿ, ಅದು ಲೊಕೇಶನ್ ಕೆಲಸವನ್ನು ಅರ್ಧಕ್ಕೆ ಇಳಿಸಿಬಿಡಬಹುದು.

ಫೋನ್ ಎಲ್ಲಿ ಇಡಬೇಕು ಅನ್ನುವುದಕ್ಕೆ ನಮ್ಮ ಬಿಸಿಲಿನ ಲೆಕ್ಕವೇ ಬೇರೆ. ಏಪ್ರಿಲ್, ಮೇನಲ್ಲಿ ಹಗಲು ಹೊರಟರೆ ಡ್ಯಾಶ್‌ಬೋರ್ಡ್ ಮೇಲೆ ಗಾಜಿಗೆ ಅಂಟಿಸಿದ ಫೋನ್ ಸೊಲ್ಲಾಪುರ ಬರುವಷ್ಟರಲ್ಲಿ ಕಾದು ಕೆಂಡವಾಗಿರುತ್ತದೆ. ಪರದೆ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ, ಕೊನೆಗೆ ಆಪ್ ತಾನೇ ಮುಚ್ಚಿಕೊಂಡರೂ ಆಶ್ಚರ್ಯವಿಲ್ಲ. ಹಾಗಾಗಿ ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ನಮಗೆ ಒಳ್ಳೆಯದು. ಸಿಗ್ನಲ್ ಗಾಜಿನ ಹತ್ತಿರ ಸ್ವಲ್ಪ ಜಾಸ್ತಿ ಸಿಗುತ್ತದೆ ನಿಜ, ಆದರೆ ಬಯಲಲ್ಲಿ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಲೋಹದ ಲೇಪ ಇರುವ ಬಿಸಿಲು ತಡೆಯುವ ಗಾಜು, ಫಿಲ್ಮ್ ಜಿಪಿಎಸ್‌ಅನ್ನೂ ತಡೆಯುತ್ತವೆ, ಅಂಥ ಕಾರಲ್ಲಿ ಮಾತ್ರ ಜಾಗ ಬದಲಿಸಿ ನೋಡಿ.

ಎಲ್ಲಿಟ್ಟರೂ ಗಟ್ಟಿಯಾಗಿ ಕೂತಿರಬೇಕು. ಫೋನಿನ ಗೈರೋಗೆ ಕಾರು ತಿರುಗಿದ್ದಾ, ಫೋನ್ ಅಲ್ಲಾಡಿದ್ದಾ ಅಂತ ಬೇರ್ಪಡಿಸುವುದು ಕಷ್ಟ. ಸುರಂಗದೊಳಗೆ ಪಕ್ಕದವರು "ಕೊಡಿಲ್ಲಿ, ನೋಡ್ತೀನಿ" ಅಂತ ಫೋನ್ ಕಿತ್ತು ತಿರುಗಿಸಿದರೆ ಅದಕ್ಕಿದ್ದ ಅಲ್ಪಸ್ವಲ್ಪ ಅಂದಾಜೂ ಹೋಯಿತು. ಇನ್ನು ಗಾಳಿಯಲ್ಲಿ ಎಂಟು ಅಂಕಿ ಬರೆದ ಹಾಗೆ ಫೋನ್ ಆಡಿಸುವುದು ಇದೆಯಲ್ಲ, ಅದು ದಿಕ್ಸೂಚಿ ಸರಿ ಮಾಡಲು ಮಾತ್ರ. ಕಾರು ಓಡುವಾಗ ದಿಕ್ಕು ಗೊತ್ತಾಗುವುದು ಜಾಗ ಬದಲಾಗುವುದರಿಂದ. ಸುರಂಗದ ಸಮಸ್ಯೆಗೂ ಅದಕ್ಕೂ ಸಂಬಂಧವಿಲ್ಲ, ಸುಮ್ನೆ ಕೈ ನೋವು.

ಬಾಯಿ ಹತ್ತಿರ ಬಂದಾಗ, ಒಳಗಿದ್ದಾಗ, ಹೊರಬಿದ್ದಾಗ

ನಮ್ಮವರು ಓಡಾಡುವ ಸುರಂಗಗಳಲ್ಲಿ ಒಳಗೆ ಕವಲು ಇರುವುದು ತೀರಾ ಅಪರೂಪ. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವುದು ಅಷ್ಟೇ. ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಲ್ಲಿ 2020ರಲ್ಲಿ ತೆರೆದ ಸುರಂಗದಲ್ಲಿ ಸಮುದ್ರದ ಕೆಳಗೆ ಸರ್ಕಲ್ಲೇ ಇದೆ, ಅಲ್ಲಿ ಬಾಣ ತಪ್ಪಿದರೆ ನಿಜವಾಗಲೂ ಪಜೀತಿ. ನಮಗೆ ತೊಂದರೆ ಇರುವುದು ಒಳಗಲ್ಲ, ಹೊರಬಿದ್ದ ಮೊದಲ ಅರ್ಧ ಕಿಲೋಮೀಟರ್‌ನಲ್ಲಿ. ಮುಂಬೈ ಕೋಸ್ಟಲ್ ರೋಡಿನ ಸುರಂಗ ಮಲಬಾರ್ ಹಿಲ್ ಕೆಳಗೆ ಸುಮಾರು ಎರಡು ಕಿಲೋಮೀಟರ್ ಹೋಗಿ ನಿಮ್ಮನ್ನು ಮರೀನ್ ಡ್ರೈವ್ ಹತ್ತಿರ ಬಿಡುತ್ತದೆ. ಹೊರಬೀಳುವುದೇ ತಡ, ಊರಿನ ಟ್ರಾಫಿಕ್ ಎದುರಿಗೆ ನಿಂತಿರುತ್ತದೆ. ಬಾಣ ಕಣ್ಣು ಬಿಡುವ ಮುಂಚೆ ನೀವು ಲೇನ್ ಹಿಡಿದಿರಬೇಕು.

ಹಾಗಾಗಿ ಸುರಂಗ ಬರುವ ಎರಡು ಮೂರು ಕಿಲೋಮೀಟರ್ ಮುಂಚೆ ಪಕ್ಕದವರಿಗೆ ಹೇಳಿ ಮುಂದಿನ ತಿರುವುಗಳ ಪಟ್ಟಿ ಓದಿಸಿ. ಹೊರಬಿದ್ದ ಮೇಲೆ ಎಡವೋ ಬಲವೋ, ಎಷ್ಟು ದೂರಕ್ಕೆ, ಬೋರ್ಡ್ ಮೇಲೆ ಯಾವ ಊರಿನ ಹೆಸರು ಇರುತ್ತದೆ. ಇಷ್ಟು ಗೊತ್ತಿದ್ದರೆ ಬಾಣ ಸತ್ತರೂ ಚಿಂತೆಯಿಲ್ಲ. ಒಬ್ಬರೇ ಇದ್ದರೆ ಡಾಬಾದಲ್ಲಿ ನಿಲ್ಲಿಸಿದಾಗಲೇ ನೋಡಿಕೊಳ್ಳಿ, ಓಡಿಸುತ್ತಾ ಅಲ್ಲ. ಉದ್ದ ಸುರಂಗ ಆದರೆ ಮುಂಚೆಯೇ ಟ್ರಿಪ್ ಮೀಟರನ್ನು ಪರದೆ ಮೇಲೆ ತಂದಿಟ್ಟುಕೊಂಡು, ಬಾಯಲ್ಲಿ ಸೊನ್ನೆ ಮಾಡಿ. ಸ್ಟೇರಿಂಗ್ ಮೇಲೇ ಬಟನ್ ಇದ್ದರೆ ಕಣ್ಣು ತೆಗೆಯಬೇಕಾಗಿಲ್ಲ. ಸುರಂಗ ಎಷ್ಟು ಉದ್ದ ಅಂತ ಬಾಯಲ್ಲೇ ಬೋರ್ಡ್ ಇರುತ್ತದೆ, ಟ್ರಿಪ್ ಮೀಟರ್ ಚಕ್ರದಿಂದಲೇ ಓಡುತ್ತದೆ, ಇನ್ನೆಷ್ಟು ಉಳಿಯಿತು ಅಂತ ಫೋನಿಗಿಂತ ಸರಿಯಾಗಿ ಅದೇ ಹೇಳುತ್ತದೆ.

ಒಳಗೆ ಹೋದ ಮೇಲೆ ಫೋನ್ ಕಡೆ ನೋಡುವುದನ್ನೇ ಬಿಡಿ. ಲೈಟ್ ಹಾಕಿ, ಲೇನ್ ಬಿಡಬೇಡಿ, ಬೋರ್ಡ್ ನೋಡಿ. "ಯು ಟರ್ನ್ ತೆಗೆದುಕೊಳ್ಳಿ" ಅಂದರೆ ಕೇಳಿಸದ ಹಾಗೆ ಇರಿ. ಖಂಡಾಲಾ ಘಾಟಿನಲ್ಲಿ ಹಳೆ ಮುಂಬೈ–ಪುಣೆ ರಸ್ತೆಯೂ ಎಕ್ಸ್‌ಪ್ರೆಸ್‌ವೇಯೂ ಅಕ್ಕಪಕ್ಕದಲ್ಲೇ ಹೋಗುತ್ತವೆ, ಬಾಣ ಹಳೆ ರಸ್ತೆಗೆ ಅಂಟಿಕೊಂಡರೆ ಹೀಗೆ ಅರಚುವುದು ಸಹಜ. ಹೈದರಾಬಾದ್‌ಗೆ ಕೆಲಸಕ್ಕೆ ಓಡಾಡುವ ಬೀದರಿನವರಿಗೆ ಮೈಂಡ್‌ಸ್ಪೇಸ್ ಅಂಡರ್‌ಪಾಸ್‌ನಲ್ಲಿ ಇದರ ಸಣ್ಣ ರೂಪ ಕಾಣುತ್ತದೆ. ಕೆಳಗೆ ಒಂದು ರಸ್ತೆ, ಮೇಲೆ ಒಂದು ರಸ್ತೆ, ಜಿಪಿಎಸ್‌ಗೆ ಎತ್ತರದ ಲೆಕ್ಕ ಮೊದಲೇ ಅಷ್ಟಕ್ಕಷ್ಟೇ.

ಹೊರಬಂದ ಮೇಲೆ ಕೆಲವು ಸೆಕೆಂಡ್ ಕೊಡಿ. ಸಾಮಾನ್ಯವಾಗಿ ಬೇಗ ಸರಿಹೋಗುತ್ತದೆ, ಯಾಕಂದರೆ ಯಾವ ಉಪಗ್ರಹ ಎಲ್ಲಿದೆ ಅನ್ನುವ ಮಾಹಿತಿ ಫೋನಿನಲ್ಲಿ ಇನ್ನೂ ತಾಜಾ ಇರುತ್ತದೆ. ಆ ಮಾಹಿತಿಯನ್ನು ಉಪಗ್ರಹದಿಂದಲೇ ಹೊಸದಾಗಿ ಕೇಳಿಸಿಕೊಳ್ಳಬೇಕಾದರೆ ಸುಮಾರು 30 ಸೆಕೆಂಡ್ ಬೇಕು. ಒಂದೆರಡು ನಿಮಿಷವಾದರೂ ಬಾಣ ತಪ್ಪಾಗಿಯೇ ಇದ್ದರೆ, ನಿಲ್ಲಿಸಬಹುದಾದ ಜಾಗದಲ್ಲಿ ನಿಲ್ಲಿಸಿ ಲೊಕೇಶನ್ ಆಫ್ ಮಾಡಿ ಆನ್ ಮಾಡಿ, ಆಪ್ ಮುಚ್ಚಿ ತೆರೆಯಿರಿ. ಫೋನ್ ಬಿಸಿಯಾಗಿದೆಯಾ ಮುಟ್ಟಿ ನೋಡಿ. ಎಕ್ಸ್‌ಪ್ರೆಸ್‌ವೇಯ ಅಂಚಿನಲ್ಲಿ ಇದಕ್ಕಂತ ನಿಲ್ಲಿಸಬೇಡಿ.

ಲಾರಿ ಮಾಲೀಕರಿಗೆ ಒಂದು ಮಾತು

ಗಂಜ್‌ನಿಂದ ತೊಗರಿ ಬೇಳೆ ತುಂಬಿ ಮುಂಬೈಗೆ ಗಾಡಿ ಕಳಿಸುವವರು ಟ್ರ್ಯಾಕರ್ ಆಪ್ ನೋಡುತ್ತಾ ಕೂರುತ್ತಾರೆ. ರಾತ್ರಿ ಘಾಟಿನಲ್ಲಿ ಗಾಡಿ ನಿಂತ ಹಾಗೆ ಕಂಡ ತಕ್ಷಣ ಡ್ರೈವರ್‌ಗೆ ಫೋನ್, "ಎಲ್ಲಿ ನಿಂತೀಪಾ, ಯಾಕ ನಿಂತೀ?" ಪಾಪ ಅವನು ಸುರಂಗದಲ್ಲಿ ಗೇರ್ ಹಾಕುತ್ತಿರುತ್ತಾನೆ. ಗಾಡಿಗೆ ಹಾಕುವ ಸಾಧಾರಣ ಟ್ರ್ಯಾಕರ್‌ಗೆ ಚಕ್ರದ ಲೆಕ್ಕ ಇರುವುದಿಲ್ಲ. ಬಾಯಿ ಹತ್ತಿರದ ಕೊನೆಯ ಚುಕ್ಕೆ, ಆಮೇಲೆ ಹೊರಬಿದ್ದ ಮೇಲಿನ ಚುಕ್ಕೆ, ನಡುವೆ ಬೆಟ್ಟದ ಮೇಲೆ ಒಂದು ಸೀದಾ ಗೆರೆ. ನೆಟ್ ಇಲ್ಲದ ಕಡೆ ಒಳ್ಳೆ ಟ್ರ್ಯಾಕರ್‌ಗಳು ಚುಕ್ಕೆಗಳನ್ನು ತಮ್ಮಲ್ಲೇ ಇಟ್ಟುಕೊಂಡು ನೆಟ್ ಬಂದ ಮೇಲೆ ಕಳಿಸುತ್ತವೆ, ಹಾಗಾಗಿ ಎಷ್ಟೋ ಹೊತ್ತಿನ ಮೇಲೆ ಪಟ್ಟಿ ತಾನೇ ತುಂಬಿಕೊಳ್ಳುತ್ತದೆ. ಚುಕ್ಕೆ ಹಾರಿದ ಜಾಗದಲ್ಲಿ ಲೆಕ್ಕವಿಲ್ಲದ ವೇಗ ಕಾಣಿಸಿದರೆ ಅದಕ್ಕಂತ ಡ್ರೈವರ್ ಪಗಾರ ಹಿಡಿಯಬೇಡಿ. ಸುರಂಗ ಇರುವ ಕಡೆ ಕಾಲು ಗಂಟೆ ಕಾದು ಆಮೇಲೆ ಫೋನ್ ಮಾಡಿ.

ಗಾಡಿ ಒಳಗೇ ಕೆಟ್ಟರೆ

ಇದಕ್ಕೆ ಮಾತ್ರ ಮ್ಯಾಪ್ ನೆಚ್ಚಿಕೊಳ್ಳಲೇಬೇಡಿ. ವಾಟ್ಸಾಪ್‌ನಲ್ಲಿ ಕಳಿಸುವ ಲೊಕೇಶನ್ ನಿಮ್ಮನ್ನು ಸುರಂಗದ ಬಾಯಲ್ಲೋ ಬೆಟ್ಟದ ಆ ಕಡೆಯೋ ತೋರಿಸಬಹುದು, ಸಹಾಯಕ್ಕೆ ಬರುವವರು ಅಲ್ಲಿಗೇ ಹೋಗುತ್ತಾರೆ. ಗಾಡಿಯನ್ನು ಆದಷ್ಟು ಎಡಕ್ಕೆ ತಂದು ನಾಲ್ಕೂ ಇಂಡಿಕೇಟರ್ ಹಾಕಿ. ದೊಡ್ಡ ಸುರಂಗಗಳ ಗೋಡೆ ಮೇಲೆ ಸಹಾಯದ ಫೋನ್ ಇರುತ್ತದೆ. ಅಟಲ್ ಸುರಂಗದಲ್ಲಿ ಪ್ರತಿ 150 ಮೀಟರ್‌ಗೆ ಒಂದು ಇದೆ. ಸ್ವಂತ ಮೊಬೈಲ್‌ಗಿಂತ ಅದರಿಂದಲೇ ಮಾತಾಡಿ, ಯಾವ ಪೆಟ್ಟಿಗೆಯಿಂದ ಕರೆ ಬಂತು ಅಂತ ಕಂಟ್ರೋಲ್ ರೂಮಿನವರಿಗೆ ಗೊತ್ತಾಗುತ್ತದೆ. ಅದಿಲ್ಲದಿದ್ದರೆ 112ಕ್ಕೆ ಮಾಡಿ, ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಸುರಂಗದ ಹೆಸರು, ಯಾವ ಊರಿನಿಂದ ಯಾವ ಊರಿನ ಕಡೆ ಹೊರಟಿದ್ದೀರಿ, ಗೋಡೆ ಮೇಲೆ ಹತ್ತಿರದಲ್ಲಿ ಬರೆದ ನಂಬರ್ ಏನು, ಟ್ರಿಪ್ ಮೀಟರ್ ಎಷ್ಟು ತೋರಿಸುತ್ತಿದೆ, ಇದನ್ನು ಹೇಳಿ. ಬರೀ ಕೆಟ್ಟು ನಿಂತಿದ್ದರೆ ಎಂಜಿನ್ ಆಫ್ ಮಾಡಿ ಗೋಡೆ ಪಕ್ಕ ಗಾಡಿಯಿಂದ ದೂರ ನಿಲ್ಲಿ. ಹೊಗೆ ಕಂಡರೆ ಸಾಮಾನು ಬಿಟ್ಟು, ಕೀಲಿ ಗಾಡಿಯಲ್ಲೇ ಬಿಟ್ಟು, ಹಸಿರು ಬೋರ್ಡ್ ತೋರಿಸಿದ ಬಾಗಿಲಿನ ಕಡೆ ನಡೆಯಿರಿ.